ಹಸಿ ದಿಂಡು

ಮೆಕ್ಕೆಜೋಳದ ದಿಂಡು ಮುರಿಯಲಿಲ್ಲ, ಬಾಗಿತು. ಬೇರೆ ಯಾರಾದರೂ ತಂದಿದ್ದರೆ ಗಿರಣಿಯ ಎಂಜಿನ್ ನೋಡಿಕೊಳ್ಳುವ ಲುಬೆಗ ದಿಂಡಿನ ಮೂಟೆಯನ್ನು ಹಾಗೇ ವಾಪಸು ಹೊರಿಸುತ್ತಿದ್ದ. ದಿಂಡು ಸುಟ್ಟು ಗ್ಯಾಸ್ ಮಾಡುವ ಒಲೆಗೆ ಹಸಿಯದು ಬಿದ್ದರೆ ಬರೀ ಹಬೆ. ಆ ಗ್ಯಾಸಿನಿಂದ ಓಡುವ ಎಂಜಿನ್ ನಿಂತರೆ ಊರಿನ ಹಿಟ್ಟಿನ ಗಿರಣಿಯೂ ದೀಪವೂ ನಿಂತ ಹಾಗೆ. ಆದರೆ ಮೂಟೆ ತಂದವಳು ಹೆಂಡತಿಯ ತಾಯಿ ನಕಿಬೂಕ. ಉಗಾಂಡದ ಈ ಬುಗಂಡ ಸೀಮೆಯಲ್ಲಿ ಅಳಿಯನಾದವನು ಅತ್ತೆಯ ಮುಖ ನೋಡುವಂತಿಲ್ಲ, ಎದುರು ನಿಂತು ಮಾತಾಡುವಂತಿಲ್ಲ. ಆಕೆಯೂ ಮೂಟೆಯನ್ನು ದೂರದಲ್ಲೇ ಇಳಿಸಿ, ಹಿಟ್ಟಿಗೆ ಕಾಯುತ್ತ ಗೋಡೆಯ ಕಡೆ ತಿರುಗಿ ಕೂತಿದ್ದಳು.

ಲುಬೆಗ ಬಾಗಿದ ದಿಂಡನ್ನು ಬೆರಳಲ್ಲಿ ನೆಟ್ಟಗೆ ಮಾಡಿ ಮೂಟೆಗೇ ಹಾಕಿದ. ಆಮೇಲೆ ಇಡೀ ಮೂಟೆಯನ್ನು ಒಲೆಗೆ ಸುರಿದ.

ಮುಸ್ಸಂಜೆಯಲ್ಲಿ ಎಂಜಿನ್ ಕೆಮ್ಮಿ ಕೆಮ್ಮಿ ನಿಂತಿತು. ಗಿರಣಿಯೊಳಗೆ ಗವ್ವೆನ್ನುವ ಕತ್ತಲು. "ಒಲೆಗೆ ದಿಂಡು ಹಾಕಿದ್ಯೋ, ಬಾಳೆಕಂಬ ಹಾಕಿದ್ಯೋ?" ಸರದಿಯಲ್ಲಿದ್ದ ಹೆಂಗಸರು ರೇಗಿದರು. "ರಾತ್ರಿ ಮುದ್ದೆಗೆ ಹಿಟ್ಟು ನಿಮ್ಮಪ್ಪ ಕೊಡ್ತಾನಾ?" ಲುಬೆಗ ಬಗ್ಗಿ ಒಲೆಯ ಬೂದಿ ಕೆದಕತೊಡಗಿದ.

ಗೋಡೆಯ ಕಡೆಯಿಂದ ಒಂದು ದನಿ ಬಂತು. ಮದುವೆಯಾದಾಗಿನಿಂದ ಅದನ್ನು ಅವನು ಇಷ್ಟು ಹತ್ತಿರದಲ್ಲಿ ಕೇಳಿರಲಿಲ್ಲ.

"ನಂದು ಹಸಿ ಇತ್ತಾ, ಅಳಿಯಂದಿರೇ?"

"ಸ್ವಲ್ಪ... ಇತ್ತು, ಅತ್ತೆ."

"ಹಂಗಾದ್ರೆ ಈಗ್ಲೇ ಬೈದುಬಿಡಿ. ಈ ಕತ್ಲಲ್ಲಿ ಮುಖ ಕಾಣ್ಸಲ್ಲ."