ಕಲ್ಯಾಣದುರ್ಗದ ನಾರಮ್ಮ

ಬೆಳಿಗ್ಗೆ ಹನ್ನೊಂದೂವರೆಗೆ ಹಿಂದೂಪುರದಲ್ಲಿ ಪದ್ಮಾವತಮ್ಮನ ಮಗ್ಗದ ಮೇಲಿದ್ದ ಹಾಸನ್ನು ಆಳುಗಳು ಅಡ್ಡಕ್ಕೆ ಕತ್ತರಿಸಿದರು. ಉದ್ದಕ್ಕೆ ಬಿಗಿದ ಮೂರು ಸಾವಿರ ಚಿಲ್ಲರೆ ಎಳೆ. ಸೀರೆಯ ಒಡಲು ಮುಗಿದಿತ್ತು, ಸೆರಗು ಬಾಕಿಯಿತ್ತು.

ಕತ್ತರಿಸಿದ್ದು, ಮಗ್ಗ ಇಡಿಯಾಗಿ ಟೆಂಪೊಗೆ ಹಿಡಿಸಲಿಲ್ಲವೆಂದು. ಟೆಂಪೊಗೆ ಏರಿಸಿದ್ದು, ಗವರ್ನರ್ ಅವರ ಶ್ರೀಮತಿಯವರು ಸಂಜೆ ನಾಲ್ಕಕ್ಕೆ ಕಲ್ಯಾಣದುರ್ಗದಲ್ಲಿ ಇರುತ್ತಾರೆಂದು. ಹೋದ ವರ್ಷ ಆಕೆ ರಾಜಭವನದಲ್ಲಿ ಕೂತೇ ಎರಡೂ ಊರುಗಳ ಮಹಿಳಾ ಕೈಮಗ್ಗ ಕೇಂದ್ರಗಳನ್ನು ವಿಡಿಯೊದಲ್ಲಿ ಉದ್ಘಾಟಿಸಿದ್ದರು. ಬೋರ್ಡು ಎರಡೂ ಕಡೆ ಬಂತು, ಮಗ್ಗ ಎಲ್ಲಿಗೂ ಬರಲಿಲ್ಲ. ಈಗ ಆಕೆ ಬೆಳಿಗ್ಗೆ ಹಿಂದೂಪುರವನ್ನೂ ಸಂಜೆ ಕಲ್ಯಾಣದುರ್ಗವನ್ನೂ ಕಣ್ಣಾರೆ ನೋಡುತ್ತೇನೆಂದು ಹೊರಟಾಗ ಉಸ್ತುವಾರಿ ಅಧಿಕಾರಿ ದಯಾನಂದ್ ಹಿಂದಿನ ದಿನವೇ ಎಂಟು ಆಳು ಹಚ್ಚಿ, ಪಕ್ಕದ ಬೀದಿಯ ಪದ್ಮಾವತಮ್ಮನ ಮನೆಯಿಂದ ಮಗ್ಗವನ್ನು ಹಾಸಿನ ಸಮೇತ ಎತ್ತಿಸಿ ತಂದು ಹಿಂದೂಪುರದ ಬೋರ್ಡಿನ ಕೆಳಗೆ ಇಡಿಸಿದ್ದ. “ಒಂದೇ ಹೊತ್ತು ಕಣಮ್ಮ, ಆಮೇಲೆ ನಿನ್ ಮಗ್ಗ ನಿನ್ ಮನೇಲಿ” ಅಂದಿದ್ದ. ಕಲ್ಯಾಣದುರ್ಗದ ಸುದ್ದಿಯನ್ನೇ ಎತ್ತಿರಲಿಲ್ಲ.

ಮಗ್ಗ ಹೋದ ಕಡೆ ತಾನೂ ಹೋಗಬೇಕಲ್ಲ ಎಂದು ಪದ್ಮಾವತಮ್ಮ ಜೀಪು ಹತ್ತಿದಳು. ಮಗ್ಗದ ಮೇಲಿದ್ದುದು ಮಗಳು ಮೀನಾಳ ಸೀಮಂತದ ಸೀರೆ. ಚೊಚ್ಚಲ ಬಸುರಿಗೆ ತಾಯಿಯೇ ನೇಯ್ದು ಉಡಿಸಬೇಕು, ಕತ್ತರಿ ಬಿದ್ದ ಹಾಸಿನದನ್ನು ಉಡಿಸಬಾರದು. ಪದ್ಮಾವತಮ್ಮನ ಅತ್ತೆ ಪಾಲಿಸಿದ್ದು, ತಾಯಿ ಪಾಲಿಸಿದ್ದು. ಸೀಮಂತಕ್ಕೆ ಉಳಿದಿದ್ದು ಒಂಬತ್ತು ದಿನ.

ಪೆನುಕೊಂಡ ದಾಟಿದ ಮೇಲೆ ಮುಂದಿನ ಸೀಟಿನಲ್ಲಿದ್ದ ದಯಾನಂದ್ ಒಂದು ಚೀಲವನ್ನು ಹಿಂದಕ್ಕೆ ಚಾಚಿದ. ಒಳಗೆ ಕೆಂಪು ಸೀರೆ, ಒಂದು ಮೊಳ ಕನಕಾಂಬರ.

“ಅಲ್ಲಿ ಇದನ್ನ ಉಟ್ಕೊ. ಹೆಸರು ಕೇಳಿದ್ರೆ ನಾರಮ್ಮ ಅನ್ನು. ಕಲ್ಯಾಣದುರ್ಗದ ನಾರಮ್ಮ. ಅಷ್ಟೇ.”

“ಯಾಕೆ ಸಾರ್, ಬೆಳಿಗ್ಗೆ ಇದ್ದ ಹೆಸರಿಗೆ ಏನಾಯ್ತು?”

“ಬೆಳಿಗ್ಗೆ ಇದ್ದಿದ್ದು ಹಿಂದೂಪುರದ ಕೇಂದ್ರ ಕಣಮ್ಮ. ಇದು ಬೇರೆ ಕೇಂದ್ರ, ಬೇರೆ ಫಲಾನುಭವಿ. ಲಿಸ್ಟಲ್ಲಿ ನಾರಮ್ಮ ಅಂತ ಐತೆ.”

“ಆ ನಾರಮ್ಮನ್ನೇ ಕರ್ಕಂಡ್ ಬರ್ಬೇಕಾಗಿತ್ತು.”

“ಆಯಮ್ಮ ಕಂಬದೂರಲ್ಲಿ ಕುರಿ ಮೇಯಿಸ್ತಾಳೆ. ಮಗ್ಗ ಕಂಡೋಳಲ್ಲ.”

“ಹಂಗಾದ್ರೆ ಕುರೀನೇ ತೋರಿಸ್ಬುಡಿ. ಅವಾದ್ರೂ ದಿಟವಾಗ್ಲೂ ಅವಳವು.”

ಡ್ರೈವರ್ ನಕ್ಕ. ದಯಾನಂದ್ ಕನ್ನಡಿಯಲ್ಲಿ ಅವನನ್ನು ನೋಡಿದ, ನಗು ನಿಂತಿತು.

“ಗವರ್ನರ್ ಹೆಂಡ್ತಿ ನನ್ ಗುರ್ತು ಹಿಡಿಯಲ್ವಾ?” ಪದ್ಮಾವತಮ್ಮ ಬಿಡಲಿಲ್ಲ.

“ದಿನಾ ಸಾವಿರ ಮುಖ ನೋಡೋರು. ನಿನ್ನ ಮುಖ ನೆನಪಿಟ್ಕೋತಾರಾ? ಶಾಲು, ಹಣ್ಣಿನ ಬುಟ್ಟಿ, ಫೋಟೊ, ಆಮೇಲೆ ಕಾರು. ನಾ ಎಷ್ಟು ಪ್ರೋಗ್ರಾಮು ಮಾಡ್ಸಿಲ್ಲ.”

ಬೆಳಿಗ್ಗೆ ನಡೆದದ್ದು ಅಷ್ಟೇ ಆಗಿರಲಿಲ್ಲ ಎಂದು ಪದ್ಮಾವತಮ್ಮನಿಗೆ ಗೊತ್ತಿತ್ತು. ಶ್ರೀಮತಿಯವರು ಶಾಲನ್ನು ಪಕ್ಕದವರ ಕೈಗೆ ಕೊಟ್ಟು, ಮಗ್ಗದ ಬಳಿ ಬಗ್ಗಿ, ಬಟ್ಟೆಯ ಅಂಚನ್ನು ಬೆರಳಲ್ಲಿ ಮುಟ್ಟಿದ್ದರು. ಹಿಂದಿಯಲ್ಲಿ ಏನೋ ಕೇಳಿದ್ದರು. ಹೆಸರು ಕೇಳುತ್ತಿದ್ದಾರೆಂದು ಅನುವಾದಕಿ ಶ್ರೀಲತಾ ಹೇಳಿದ ಮೇಲೆ ಇವಳು ಹೆಸರು ಹೇಳಿದ್ದಳು. ಆಕೆ ‘ಪದ್ಮಾವತಮ್ಮ’ ಎಂದು ಎರಡು ಸಲ, ಎರಡನೆಯ ಸಲ ಸರಿಯಾಗಿ ಅಂದಿದ್ದರು. ಆಮೇಲೆ ಇವಳ ಅಂಗೈ ತಿರುಗಿಸಿ ಲಾಳಿ ಹಿಡಿದು ಗಟ್ಟಿಯಾದ ಗಂಟು ನೋಡಿದ್ದರು.

ಕಲ್ಯಾಣದುರ್ಗದ ಕೇಂದ್ರವೆಂದರೆ ಹೊಸ ಸುಣ್ಣದ ವಾಸನೆಯ ಒಂದು ಕೋಣೆ. ಆಳುಗಳು ಮಗ್ಗ ಜೋಡಿಸಿದರು. ಕತ್ತರಿಸಿದ ಎಳೆಗಳ ಎರಡು ತುದಿಗಳನ್ನು ಎದುರುಬದುರು ತಂದು, ಪಾರ್ಸೆಲ್ಲಿಗೆ ಅಂಟಿಸುವ ಕಂದು ಟೇಪನ್ನು ಅಡಿಯಿಂದ ಉದ್ದಕ್ಕೆ ಅಂಟಿಸಿದರು. ಮೇಲಿನಿಂದ ನೋಡಿದರೆ ಹಾಸು ಇಡಿಯಾಗಿಯೇ ಇತ್ತು. ಕೈಬೆರಳಿಗೆ ಬೂದಿ ಹಚ್ಚಿಕೊಂಡು ಒಂದೊಂದೇ ಎಳೆಯನ್ನು ಹೊಸೆದು ಕೆಚ್ಚಿ ಕೂಡಿಸಲು ಇಬ್ಬರು ಹೆಂಗಸರಿಗೆ ಎರಡು ದಿನ ಬೇಕಾಗುವ ಕೆಲಸ. ಇವರು ನಾಲ್ಕು ನಿಮಿಷದಲ್ಲಿ ಮುಗಿಸಿಬಿಟ್ಟರು.

“ನೋಡ್ದಾ,” ಎಂದ ದಯಾನಂದ್. “ಎರಡೇ ಸಲ ಲಾಳಿ ಓಡ್ಸು. ಫೋಟೊ ಆಗ್ತದೆ, ಮುಗೀತು. ಸೀರೆ ಯಾಕೆ ಉಡ್ಲಿಲ್ಲ?”

“ನನ್ ಮೈಮೇಲೆ ಒಂದೈತೆ.”

ಅವನು ಬಾಯಿ ತೆರೆಯುವಷ್ಟರಲ್ಲಿ ಹೊರಗೆ ಸೈರನ್ ಕೇಳಿಸಿತು. ಚೀಲವನ್ನು ಕಾಲಿನಿಂದ ಮಗ್ಗದ ಅಡಿಗೆ ತಳ್ಳಿದ.

ಶ್ರೀಮತಿಯವರು ಒಳಗೆ ಬಂದರು. ಬೆಳಗಿನಿಂದ ಎಷ್ಟು ಕಡೆ ದೀಪ ಹಚ್ಚಿದ್ದರೋ, ಕಣ್ಣುಗಳು ಸೋತಿದ್ದವು. ಕೈಮುಗಿದರು, ಮಗ್ಗ ನೋಡಿದರು, ಮಗ್ಗದ ಹಿಂದಿದ್ದ ಮುಖ ನೋಡಿದರು. ನಗು ಅರ್ಧಕ್ಕೆ ನಿಂತಿತು.

“ಇವರು ನಾರಮ್ಮ, ಮೇಡಂ. ಇದೇ ಊರಿನವರು,” ದಯಾನಂದ್ ಅವಸರ ಮಾಡಿದ. ಪದ್ಮಾವತಮ್ಮನ ಕಡೆ ಬಗ್ಗಿ, “ಹೆಸ್ರು ಚೆಪ್ಪಮ್ಮಾ” ಎಂದ.

“ಪದ್ಮಾವತಮ್ಮ.”

ಅದಕ್ಕೆ ಶ್ರೀಲತಾಳ ಅನುವಾದ ಬೇಕಿರಲಿಲ್ಲ.

“ಪಾಪ, ಗಾಬರಿಯಾಗವ್ಳೆ,” ದಯಾನಂದ್ ಹಲ್ಲು ಕಿರಿದ. ಆಮೇಲೆ ಹಲ್ಲು ಕಚ್ಚಿ, ಅವಳಿಗಷ್ಟೇ ಕೇಳುವಂತೆ, “ಲಾಳಿ ಓಡ್ಸು.”

ಪದ್ಮಾವತಮ್ಮ ಹಾಸಿನ ಅಡಿಗೆ ಕೈ ಹಾಕಿದಳು. ಟೇಪಿನ ತುದಿ ಹುಡುಕಿ, ಹಿಡಿದು, ಈ ಕಡೆಯಿಂದ ಆ ಕಡೆಯವರೆಗೆ ಒಂದೇ ಸಮನೆ ಎಳೆದಳು. ಎಳೆಗಳು ಎರಡೂ ಬದಿಗೆ ಸಡಿಲಾಗಿ ಜೋತುಬಿದ್ದವು. ನಡುವೆ ಬರಿ ನೆಲ ಕಾಣಿಸಿತು. ಫೋಟೊದವನ ಫ್ಲಾಶ್ ಮಾತ್ರ ಹೊಳೆಯಿತು.

“ಏಳು,” ಎಂದ ದಯಾನಂದ್. “ಎದ್ದು ಆಚೆ ನಡಿ.”

ಪದ್ಮಾವತಮ್ಮ ಟೇಪನ್ನು ಸುರುಳಿ ಸುತ್ತಿ ಅವನ ಅಂಗೈಯಲ್ಲಿಟ್ಟಳು.

“ಏಳಲ್ಲ ಕಣಪ್ಪ. ಕತ್ತರಿಸ್ದೋರು ಬಂದು ಕೆಚ್ಲಿ. ಅಲ್ಲೀವರ್ಗೂ ಇಲ್ಲೇ ಕೂತಿರ್ತೀನಿ.”