ಮಾಯವ್ವನ ಪರೀಕ್ಷೆಗೆ ಕರಿದ ಬಾಳೆಹಣ್ಣು

ಮೊದಲನೆಯ ಬಾಣಲೆ ಹಲ್ವಾ ಆಯಿತು. ಎರಡನೆಯದು ಇದ್ದಿಲು.

ಪದ್ಮಶ್ರೀ ಎರಡನ್ನೂ ಹಳೆಯ ಪೇಪರಿನಲ್ಲಿ ಸುತ್ತಿ ಜೋಳದ ಹಿಟ್ಟಿನ ಡಬ್ಬಿಯ ಹಿಂದೆ ಬಚ್ಚಿಟ್ಟಳು. ಗಡಿಯಾರದಲ್ಲಿ ಹನ್ನೊಂದೂವರೆ. ಒಂದು ಗಂಟೆಗೆ ಖಾನಾಪುರದಿಂದ ಮಾಯವ್ವ ಬರುತ್ತಾಳೆ.

ಮಾಯವ್ವ ಎಂದರೆ ಮಾವನ ಅಕ್ಕ. ಊಟಕ್ಕೆ ಕೂತರೆ ಉಣ್ಣುವುದಕ್ಕಿಂತ ತೀರ್ಪು ಕೊಡುವುದೇ ಹೆಚ್ಚು. ಸಂಜೆಯೊಳಗೆ ಆ ತೀರ್ಪು ಫೋನಿನಲ್ಲಿ ಇಡೀ ಬಳಗಕ್ಕೆ ಮುಟ್ಟುತ್ತದೆ. ಅತ್ತೆ ಅಕ್ಕವ್ವ ಈ ಮನೆಗೆ ಸೊಸೆಯಾಗಿ ಬಂದ ವರ್ಷ ಕರಿದ ಬಾಳೆಹಣ್ಣನ್ನು ಅವಳು ಚಪ್ಪಲಿಯ ಅಟ್ಟೆಗೆ ಹೋಲಿಸಿದ್ದಳಂತೆ. ಆಮೇಲೆ ಈ ಮನೆಯ ಒಲೆಯ ಮೇಲೆ ಬಾಳೆಹಣ್ಣು ಏರಿದ್ದೇ ಇಲ್ಲ.

ಆದರೆ ಪದ್ಮಶ್ರೀಯ ನಿಶ್ಚಯದ ದಿನ ಅವಳ ತಾಯಿ ಸುಮ್ಮನಿರಲಿಲ್ಲ. "ನಮ್ಮ ಹುಡುಗಿ ಬಾಳೆಹಣ್ಣು ಕರದ್ರ ಅನ್ನ-ಸಾರು ಮರತು ಅದನ್ನ ಉಣ್ತೀರಿ" ಎಂದುಬಿಟ್ಟಳು. ಮಾಯವ್ವ ಆ ಮಾತನ್ನು ಆರು ತಿಂಗಳು ಜೋಪಾನವಾಗಿಟ್ಟುಕೊಂಡು ನಿನ್ನೆ ಫೋನು ಮಾಡಿದಳು.

"ನಾಳೆ ಊಟಕ್ಕ ಬರ್ತೀನಿ ಅಕ್ಕವ್ವ. ಅನ್ನ-ಸಾರು ನೀ ಮಾಡು. ಬಾಜೂಕ ಹಚ್ಚಾಕ ಸೊಸಿ ಕರದ ಬಾಳೆಹಣ್ಣು ಇರ್ಲಿ. ನೀ ಅದಕ್ಕ ಕೈ ಹಚ್ಚಬ್ಯಾಡ."

ತವರಿನಲ್ಲಿ ಪದ್ಮಶ್ರೀ ಗ್ಯಾಸು ಹಚ್ಚಿದ್ದು ಚಹಕ್ಕೆ ಮಾತ್ರ. ಇವತ್ತು ಕೆಟ್ಟರೆ ಅವಳ ಮರ್ಯಾದೆಯ ಜೊತೆಗೆ ತಾಯಿಯದೂ ಹೋಗುತ್ತದೆ.

"ಆತೇನವಾ?" ಪಡಸಾಲೆಯಿಂದ ಅಕ್ಕವ್ವನ ದನಿ.

"ಆಗಾಕ್ಹತ್ತೇತ್ರಿ ಅತ್ತಿ. ನೀವು ಒಳಗ ಬರಬ್ಯಾಡ್ರಿ."

"ನಾ ಯಾಕ ಬರ್ಲಿ. ಮಾತು ಕೊಟ್ಟೀನಿ."

ಉಳಿದ ಹತ್ತು ಹಣ್ಣುಗಳನ್ನು ಸೆರಗಿನಲ್ಲಿ ಕಟ್ಟಿಕೊಂಡು ಪದ್ಮಶ್ರೀ ಹಿತ್ತಲ ಗೋಡೆಯ ಹತ್ತಿರ ಓಡಿದಳು. ಗೋಡೆಯಾಚೆ ಜೈನರ ಶಾಂತಾಬಾಯಿಯ ಮನೆ. ಅನಗೋಳದ ಆ ಓಣಿಯಲ್ಲಿ ಕೈರುಚಿ ಎಂದರೆ ಶಾಂತಾಬಾಯಿ. ಯಾರ ಮನೆಯಲ್ಲಿ ಬಸುರಿಯ ಕುಬುಸವಿರಲಿ, ಕೂಸಿನ ತೊಟ್ಟಿಲಿರಲಿ, ಅವಳ ಡಬ್ಬಿ ಬಂದರೇ ಪಂಕ್ತಿಗೆ ಕಳೆ.

"ಕಾಕು, ನನ್ನ ಮಾನ ನಿಮ್ಮ ಬಾಣಲ್ಯಾಗ ಐತಿ."

ಕಥೆ ಕೇಳಿದ ಶಾಂತಾಬಾಯಿ, ಯಾರೋ ಅಳುವ ಕೂಸನ್ನು ಕೈಗಿಟ್ಟಂತೆ ಹಣ್ಣುಗಳನ್ನು ಹಿಡಿದುಕೊಂಡಳು.

"ಈಗಿಂದೀಗ ಬೇಕೇನು?"

"ಒಂದರ ಒಳಗ್ರಿ. ನಮ್ಮತ್ತಿಗೆ ಗೊತ್ತಾಗಬಾರದು."

"ಖರೇ, ಗೊತ್ತಾಗಬಾರದು." ಶಾಂತಾಬಾಯಿ ಒಂದು ಕ್ಷಣ ಯೋಚಿಸಿದಳು. "ಕರಕೊಡ್ತೀನಿ. ಆದ್ರ ನೀ ಈ ಕಡೆ ಹಣಿಕಿ ಹಾಕಬ್ಯಾಡ. ಅಡಿಗಿಮನ್ಯಾಗ ಮಡಿ ನಡದೈತಿ."

ಬಾಗಿಲು ಮುಚ್ಚಿತು. ಕಿಟಕಿಯೂ ಮುಚ್ಚಿತು.

ಪದ್ಮಶ್ರೀ ಒಳಗೆ ಬಂದಾಗ ಅಕ್ಕವ್ವ ಫೋನು ಕಿವಿಗೆ ಹಿಡಿದು "ಹೂಂ, ಹೂಂ, ಬಂದೆ" ಅನ್ನುತ್ತಿದ್ದಳು. "ಸಾರು ಇಳಿಸೀನಿ. ಮಠಕ್ಕ ಹೋಗಿ ಬರ್ತೀನವಾ" ಎಂದು ಚಪ್ಪಲಿ ಮೆಟ್ಟಿದಳು. ಪದ್ಮಶ್ರೀಗೆ ಕುಣಿಯಬೇಕೆನಿಸಿತು. ಖಾಲಿ ಬಾಣಲೆಗೆ ಒಂದು ಚಮಚ ತುಪ್ಪ ಸವರಿದಳು. ಒಲೆಯ ಸುತ್ತ ರವೆ ಚೆಲ್ಲಿದಳು. ಕೆನ್ನೆಗೂ ಒಂದಿಷ್ಟು ರವೆ ಹಚ್ಚಿಕೊಂಡು ಕನ್ನಡಿ ನೋಡಿದಳು. ಸಾಲದೆನಿಸಿ ಮೂಗಿನ ತುದಿಗೂ ಹಚ್ಚಿಕೊಂಡಳು.

ಗೋಡೆಯಾಚೆಯಿಂದ ತುಪ್ಪ-ಏಲಕ್ಕಿಯ ಘಮ ಬರತೊಡಗಿತು. ಹನ್ನೆರಡೂ ಮುಕ್ಕಾಲಿಗೆ ಗೋಡೆಯ ಮೇಲೆ ಡಬ್ಬಿ ಕಾಣಿಸಿತು. ಓರೆಯಾಗಿ ಹೆಚ್ಚಿ ರವೆಯಲ್ಲಿ ಹೊರಳಿಸಿ ಕರಿದ ಹೋಳುಗಳು, ಅಂಚು ಬಂಗಾರದ ಬಣ್ಣ, ನಡುವೆ ಜೇನಿನಂತೆ ಮೆತ್ತಗೆ.

"ಕಾಕು, ಸಿಪ್ಪಿನೂ ಕೊಡ್ರಿ. ನಮ್ಮ ಬುಟ್ಟ್ಯಾಗ ಕಾಣಸಬೇಕು."

ಶಾಂತಾಬಾಯಿ ಬಿದ್ದು ಬಿದ್ದು ನಕ್ಕು ಸಿಪ್ಪೆ ತಂದುಕೊಟ್ಟಳು. ಅವಳ ಇಸ್ತ್ರಿ ಸೀರೆ ಮುದುಡಿರಲಿಲ್ಲ.

"ಒಂದು ಹನಿ ತುಪ್ಪ ಸಿಡಿದಿಲ್ಲ ನೋಡ್ರಿ ನಿಮ್ಮ ಮ್ಯಾಲ. ಕೈ ಪಳಗಿದವ್ರು ಅಂದ್ರ ಹಿಂಗ."

"ಹೋಗು ಹೋಗು, ಆರತಾವ" ಎಂದಳು ಶಾಂತಾಬಾಯಿ, ಬೇರೆ ಕಡೆ ನೋಡುತ್ತ.

ಹೋಳುಗಳು ತಾಟಿಗೆ ಬಿದ್ದವು. ಡಬ್ಬಿ ಅಕ್ಕಿಯ ಚೀಲದೊಳಗೆ ಹೋಯಿತು. ಅಷ್ಟರಲ್ಲಿ ಅಕ್ಕವ್ವ ಬಂದಳು. ಮಠದಿಂದ ಬಂದವಳ ಹಣೆಯ ವಿಭೂತಿ ಬೆವರಿಗೆ ಅಳಿಸಿಹೋಗಿತ್ತು. ಅವಳ ಬೆನ್ನಿಗೇ ಮಾಯವ್ವ.

"ಎಲ್ಲಿ ಅದ ನಿಮ್ಮ ಪವಾಡ?"

"ಕುಂದರ್ರಿ ಅಕ್ಕಾರ. ಕೈಕಾಲರ ತೊಳೀರಿ" ಎಂದಳು ಅಕ್ಕವ್ವ.

ಮಾಯವ್ವ ಒಂದು ಹೋಳನ್ನು ಬೆಳಕಿಗೆ ಹಿಡಿದಳು. ಮೂಸಿದಳು. ಬಾಯಿಗಿಟ್ಟಳು. ಅಕ್ಕವ್ವನೂ ಒಂದನ್ನು ಕಚ್ಚಿದಳು, ಕಚ್ಚಿದವಳು ಅಗಿಯುವುದನ್ನೇ ನಿಲ್ಲಿಸಿ ಸೊಸೆಯ ಮುಖ ನೋಡಿದಳು. ಅವಳ ಕಣ್ಣು ಸೊಸೆಯ ಮೂಗಿನ ಮೇಲಿನ ರವೆಯ ಹತ್ತಿರ ನಿಂತುಬಿಟ್ಟಿತು. ಪದ್ಮಶ್ರೀ ಸೆರಗಿನಿಂದ ಮೂಗು ಒರೆಸಿಕೊಂಡಳು. ಅತ್ತೆಗೆ ಗೊತ್ತಾಯಿತು.

ಮಾಯವ್ವ ಎರಡನೆಯದು ತೆಗೆದುಕೊಂಡಳು. ಐದನೆಯದೂ. ಬಡಿಸಿದ ಅನ್ನ ಹಾಗೇ ಆರಿತು.

"ಮೂವತ್ತು ವರ್ಷ ಆತು ಈ ಮನಿಗೆ ಬರಾಕ್ಹತ್ತಿ. ನಾಲಿಗಿಗೆ ಸುಖ ಅಂತ ಆಗಿದ್ದು ಇವತ್ತ" ಎಂದಳು ಕೊನೆಗೆ. "ಅಕ್ಕವ್ವ, ಬ್ಯಾಸರ ಮಾಡ್ಕೋಬ್ಯಾಡ. ಸೊಸಿ ಬಾಜೂಕ ನಿಂತು ನೀ ಕಲಕೋಬೇಕು. ನಿನ್ನ ಕೈಗೆ ಈ ಹದ ಯಾವ ಜನ್ಮಕ್ಕೂ ಬರೂದಿಲ್ಲ."

"ಕಲಕೋತೀನ್ರಿ ಅಕ್ಕಾರ."

ಅಕ್ಕವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಎದ್ದು ಒಳಗೆ ಹೋದಳು. ಅವಳ ಭುಜ ಅಲುಗುತ್ತಿತ್ತು. ಪದ್ಮಶ್ರೀಗೆ ತಡೆಯಲಾಗಲಿಲ್ಲ, ಹಿಂದೆಯೇ ಓಡಿದಳು. ಇಷ್ಟು ಒಳ್ಳೆಯ ಅತ್ತೆಯನ್ನು ಅಳಿಸಿ ಪಡೆದ ಹೆಸರು ಬೇಡವಾಗಿತ್ತು.

"ಅತ್ತಿ, ತಪ್ಪಾತ್ರಿ. ಅವನ್ನ ನಾ ಕರದಿಲ್ಲ. ಶಾಂತಾಬಾಯಿ ಕಾಕು ಕರದದ್ದು. ಈಗ ಹೋಗಿ ಮಾಯವ್ವಾರಿಗೂ ಹೇಳಿಬಿಡ್ತೀನಿ."

ಅಕ್ಕವ್ವ ಅಡಿಗೆಮನೆಯ ಬಾಗಿಲು ಮುಂದೆ ಮಾಡಿದಳು. ಸೆರಗು ಸರಿಸಿದಳು. ಅವಳು ಅಳುತ್ತಿರಲಿಲ್ಲ, ನಕ್ಕು ನಕ್ಕು ಕಣ್ಣಲ್ಲಿ ನೀರು ಬಂದಿತ್ತು.

"ಸುಮ್ಕಿರ ಹುಚ್ಚಿ. ಹನ್ನೆರಡು ವರ್ಷ ಆತು, ಶಾಂತಾಬಾಯಿ ಹೆಸರಿಲೆ ಈ ಓಣಿಯೆಲ್ಲಾ ಉಣ್ಣೂದು ನನ್ನ ಕೈ ಅಡಿಗೀನ. ಇವತ್ತ ಮಠ ಅಂತ ಹೋಗಿದ್ದೂ ಅಲ್ಲಿಗೇ. ಇವತ್ತಿನಿಂದ ನಿನ್ನ ಹೆಸರಿಲೆ ಮಾಯಕ್ಕಾರೂ ಉಣ್ಲಿ."