ಡಬ್ಬಿಯ ಹೊರಗಿನ ಚುಕ್ಕಿ

"ನನ್ನ ಮಗನಿಗೆ ಹತ್ತಾ? ಬರೀ ಹತ್ತಾ?"

ಗಣಿ ಮಾಲೀಕ ಸಿದ್ದಲಿಂಗೇಶ್ ಗೋಡೆಯ ಚಾರ್ಟಿಗೆ ಬೆರಳು ಚುಚ್ಚಿ ಕೂಗಿದಾಗ ಗಣಿತದ ಟೀಚರ್ ಶಾಂಭವಿಗೆ ಮೊದಲು ಏನೂ ತಿಳಿಯಲಿಲ್ಲ. ಸಂಡೂರಿನ ಆ ಶಾಲೆ ಅವನದೇ. ಅದಿರಿನ ದುಡ್ಡು ಕೈಗೆ ಬಂದದ್ದೇ ಶಾಲೆಯ ಬೋರ್ಡಿಗೆ 'ಇಂಟರ್‌ನ್ಯಾಷನಲ್' ಅಂಟಿಸಿ, ಪರದೇಶದ ಗಣಿತ ಪುಸ್ತಕ ತರಿಸಿದ್ದ. ಒಂದನ್ನೂ ತೆರೆದು ನೋಡಿದವನಲ್ಲ.

ಆ ಪುಸ್ತಕ ನೋಡಿಯೇ ಏಳನೆಯ ತರಗತಿಯವರು ಚಾರ್ಟು ಬರೆದಿದ್ದರು. ಶಾಲೆಗೆ ಬರಲು ಯಾರಿಗೆ ಎಷ್ಟು ನಿಮಿಷ ಎಂದು ಸಾಲಾಗಿ ಜೋಡಿಸಿ, ನಡುವಿನ ಅರ್ಧದಷ್ಟು ಮಕ್ಕಳನ್ನು ಒಂದು ಡಬ್ಬಿಯೊಳಗೆ ಹಾಕಿ, ಅದರ ಎರಡೂ ಕಡೆ ಮೀಸೆಯಂತೆ ಗೆರೆ ಎಳೆದು, ಗೆರೆಗೂ ಸಿಗದಷ್ಟು ದೂರವಿದ್ದವರಿಗೆ ಬರೀ ಚುಕ್ಕಿ ಇಟ್ಟು, ತುದಿಯಲ್ಲಿದ್ದವರ ಹೆಸರೂ ಬರೆದಿದ್ದರು. ಡಬ್ಬಿ ಐವತ್ತೈದರಿಂದ ಎಪ್ಪತ್ತೈದರವರೆಗೆ ಕೂತಿತ್ತು. ಬಂಡ್ರಿ ಕಡೆಯ ಮಕ್ಕಳು ಸಿದ್ದಲಿಂಗೇಶನ ಅದಿರು ಲಾರಿಗಳ ಹಿಂದೆ ಸಿಕ್ಕಿಬಿದ್ದು, ತಲೆತುಂಬ ಕೆಂಧೂಳು ಹೊತ್ತು, ಮೊದಲ ಪೀರಿಯಡ್ ಮುಗಿದ ಮೇಲೆ ಬರುತ್ತಿದ್ದರು. ಮಾಲೀಕನ ಜೀಪು ಕಂಡರೆ ಮಾತ್ರ ಲಾರಿಗಳು ತಾವಾಗಿ ಬದಿಗೆ ಸರಿಯುತ್ತಿದ್ದವು. ಅದಕ್ಕೇ ಅವನ ಮಗನ ಚುಕ್ಕಿ ಮೀಸೆಯನ್ನೂ ದಾಟಿ, ಎಡಗಡೆ ಹತ್ತರಲ್ಲಿ ಒಂಟಿಯಾಗಿ ನಿಂತಿತ್ತು. ಶಾಲೆಯ ಹೊತ್ತಿನಲ್ಲಿ ಲಾರಿ ನಿಲ್ಲಿಸಿ ಎಂದು ನಾಳೆ ಶಾಲೆ ನೋಡಲು ಬರುವ ಜಿಲ್ಲೆಯ ಅಧಿಕಾರಿಯನ್ನು ಕೇಳಲು ಶಾಂಭವಿಯ ಬಳಿ ಇದ್ದದ್ದು ಇದೊಂದೇ ಚಾರ್ಟು.

"ಸರ್, ಅವು ಮಾರ್ಕ್ಸ್ ಅಲ್ರೀ..."

"ನನಗ ಲೆಕ್ಕ ಕಲಿಸಬ್ಯಾಡ್ರಿ. ನನ್ನ ಡ್ರೈವರನ ಮಗಳಿಗೆ ತೊಂಬತ್ತು, ನನ್ನ ಮಗನಿಗೆ ಹತ್ತು! ನೂರು ಹಾಕ್ರಿ."

"ಹಾಕಿಬಿಡ್ರಿ ಮೇಡಂ," ಎಂದ ಹೆಡ್‌ಮಾಸ್ಟರ್ ಬಸವಕುಮಾರ್, ಮಾಲೀಕ ಸೀನಿದರೂ ಹೂಂ ಎನ್ನುವ ಮನುಷ್ಯ.

ಕೆಳಗೆ ಹಲಗೆಯಷ್ಟು ದಪ್ಪಕ್ಷರದಲ್ಲಿ 'ನಿಮಿಷ' ಎಂದು ಬರೆದದ್ದು ಇಬ್ಬರ ಕಣ್ಣಿಗೂ ಬೀಳಲಿಲ್ಲ. ಇಂಥವರ ಕೈಕೆಳಗೆ ಗಣಿತ ಕಲಿಸಬೇಕಲ್ಲ ಎಂದು ಶಾಂಭವಿಗೆ ಮೈ ಉರಿಯಿತು. ಚುಕ್ಕಿಯ ಮೇಲೆ ಬಿಳಿ ಕಾಗದ ಅಂಟಿಸಿ, ಬಲಗಡೆಯ ಮೀಸೆಯನ್ನು ನೂರರವರೆಗೆ ಎಳೆದು, ತುದಿಯಲ್ಲಿ ಅವನ ಮಗನ ಹೆಸರು ಬರೆದಳು.

ಮರುದಿನ ಬಂದ ಅಧಿಕಾರಿ ಡಬ್ಬಿಯ ಮೇಲೆ ಸುಮ್ಮನೆ ಕಣ್ಣಾಡಿಸಿ, "ಬಣ್ಣ ಚೆನ್ನಾಗಿದೆ," ಎಂದ. ಆಮೇಲೆ ತುದಿಯ ಹೆಸರು ಕಂಡಿತು.

"ಏನ್ರೀ ಇದು, ನಿಮ್ಮ ಮಗನಿಗೆ ನೂರಾ?"

"ಹೌದ್ರೀ ಸರ್!" ಸಿದ್ದಲಿಂಗೇಶ್ ಎದೆಯುಬ್ಬಿಸಿದ. "ಇಡೀ ಕ್ಲಾಸಿನಾಗ ಯಾರಿಗೂ ಅಷ್ಟಿಲ್ಲ."

"ಛೇ! ದಿನಾ ನೂರು ನಿಮಿಷ ರೋಡಿನಲ್ಲಿ? ನಿಮ್ಮಂಥವರ ಮಗನಿಗೇ ಹೀಗಾದರೆ ಹೇಗೆ? ನಾಳೆಯಿಂದ ಶಾಲೆ ಹೊತ್ತಿನಲ್ಲಿ ಒಂದು ಲಾರಿಯೂ ಓಡಬಾರದು."

ಅಷ್ಟು ಮಕ್ಕಳು ತಿಂದ ಧೂಳಿಗೆ ಮಿಸುಕದ ಮನುಷ್ಯ ಒಂದು ಸುಳ್ಳು ಗೆರೆಗೆ ಮರುಗಿದ್ದ. ಶಾಂಭವಿಗೆ ನಗಬೇಕೋ ಉಗಿಯಬೇಕೋ ತಿಳಿಯಲಿಲ್ಲ.

ಅಧಿಕಾರಿಯ ಕಾರು ಗೇಟು ದಾಟಿದ್ದೇ ಸಿದ್ದಲಿಂಗೇಶ್ ಅವಳ ಬಳಿ ಓಡಿಬಂದ. ಮುಖ ಬಿಳಿಚಿಕೊಂಡಿತ್ತು.

"ಮೇಡಂ, ಜಲ್ದಿ ಆ ಹತ್ತನ್ನೇ ವಾಪಸ್ ಹಾಕ್ರಿ. ಅವರಿಗೆ ತೋರಿಸ್ಬೇಕು."

ಶಾಂಭವಿ ಗೋಂದಿನ ಬಾಟಲಿಗೆ ಮುಚ್ಚಳ ಹಾಕಿದಳು.

"ಹತ್ತು ಹಾಕಿದ್ರ ಫೇಲಾಗ್ತಾನಲ್ರೀ ಸರ್."